ಲೆನ್‌ಫೆಸ್ಟ್ ಹೆಸರಿನ ಬೆನ್ನು ಹತ್ತಿ ಪೆನ್ಸಿಲ್ವೇನಿಯಾದಲ್ಲಿ

ಫಿಲಡೆಲ್ಫಿಯಾ ನಗರದ ಹೆಸರಾಂತ ಸಂಗೀತ ಶಾಲೆಯೊಂದರ ವಿದ್ಯಾರ್ಥಿ ನಿಲಯ, ಅಲ್ಲಿನ ಹಳೆಯ ಕಲಾಶಾಲೆಯ ಪಕ್ಕದ ಅಂಗಳ, ದಿನಪತ್ರಿಕೆಯೊಂದನ್ನು ಸಾಕುತ್ತಿರುವ ಸಂಸ್ಥೆ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಲಾಕೇಂದ್ರ ಇವಕ್ಕೆಲ್ಲ ಇರುವ ಹೆಸರು ಒಂದೇ: ಲೆನ್‌ಫೆಸ್ಟ್. ಪೂರ್ಣ ಹೆಸರು ಹೆರಾಲ್ಡ್ ಫಿಟ್ಜ್‌ಜೆರಾಲ್ಡ್ ಲೆನ್‌ಫೆಸ್ಟ್. ಊರಿಗೆಲ್ಲ ಅವರು ಜೆರಿ. 1930ರಲ್ಲಿ ಹುಟ್ಟಿ 2018ರ ಆಗಸ್ಟ್‌ನಲ್ಲಿ ತೀರಿಕೊಂಡ ಇವರು ವೃತ್ತಿಯಿಂದ ವಕೀಲರು. 1974ರಲ್ಲಿ 7,600 ಚಂದಾದಾರರಿದ್ದ ಎರಡು ಸಣ್ಣ ಕೇಬಲ್ ಕಂಪನಿಗಳನ್ನು ಕೊಂಡು, ಕಾಲು ಶತಮಾನದಲ್ಲಿ ಆ ಜಾಲವನ್ನು ಸುಮಾರು 12 ಲಕ್ಷ ಮನೆಗಳಿಗೆ ಹಬ್ಬಿಸಿ, 2000ದ ಜನವರಿಯಲ್ಲಿ ಕಾಮ್‌ಕಾಸ್ಟ್ ಕಂಪನಿಗೆ ಮಾರಿ, ಬಂದ ಹಣವನ್ನು ಬದುಕಿರುವಾಗಲೇ ಹಂಚಿದರು. ಅವರು ಮತ್ತು ಪತ್ನಿ ಮಾರ್ಗರೀಟ್ ಸೇರಿ ಕೊಟ್ಟ ಮೊತ್ತ 130 ಕೋಟಿ ಡಾಲರ್ ದಾಟುತ್ತದೆ. ಪಡೆದ ಸಂಸ್ಥೆಗಳು ಸಾವಿರಕ್ಕೂ ಹೆಚ್ಚು.

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಬಹಳ ಕಾಲ ಕೇಬಲ್ ನಡೆಸಿದವನಾದ ನನಗೆ ಈ ಹೆಸರಿನ ಮೇಲೆ ಕುತೂಹಲ ಹುಟ್ಟಿದ್ದು ಸಹಜ. 1995ರ ಕೇಬಲ್ ಕಾಯ್ದೆ ಬಂದಾಗ ಅಂಚೆ ಕಚೇರಿಯ ಮುಂದೆ ನಿಂತು ನೋಂದಣಿ ಮಾಡಿಸಿಕೊಂಡವರಲ್ಲಿ ನಾನೂ ಒಬ್ಬ. ಡಿಜಿಟಲೀಕರಣ ನಮ್ಮಂಥ ಸಣ್ಣ ಊರುಗಳನ್ನು ಮುಟ್ಟಿದಾಗ ತಂತಿ, ಮನೆಗಳಿಗೆ ಕವಲು ತೆಗೆಯುವ ಟ್ಯಾಪ್, ಸಿಗ್ನಲ್ ಬಲಪಡಿಸುವ ಆ್ಯಂಪ್ಲಿಫೈಯರ್ ಸಮೇತ ಎಲ್ಲವನ್ನೂ ದೊಡ್ಡ ಆಪರೇಟರ್ ಒಬ್ಬರಿಗೆ ಬಿಟ್ಟುಕೊಟ್ಟವರಲ್ಲಿಯೂ ಒಬ್ಬ. ಕೇಬಲ್‌ನವನೆಂದರೆ ತಿಂಗಳ ಮೊದಲ ವಾರ ರಸೀದಿ ಪುಸ್ತಕ ಹಿಡಿದು ಬರುವವನು, ಮಳೆ ಬಂದಾಗ ಫೋನ್ ಎತ್ತದವನು ಎಂಬ ಅಭಿಪ್ರಾಯವೇ ನಮ್ಮಲ್ಲಿ ಗಟ್ಟಿಯಾಗಿದೆ. ಅದೇ ಕಸುಬಿನಿಂದ ಬಂದ ಹಣ ವಸ್ತುಸಂಗ್ರಹಾಲಯವೂ ಪತ್ರಿಕೆಯೂ ಹುಲ್ಲುಗಾವಲೂ ಆದದ್ದು ಹೇಗೆ ಎಂದು ನೋಡಬೇಕೆನಿಸಿತು. ಮಗಳು ಮತ್ತು ಅಳಿಯ ನ್ಯೂಜೆರ್ಸಿಯ ಚೆರಿ ಹಿಲ್‌ನಲ್ಲಿದ್ದಾರೆ, ಅಲ್ಲಿಂದ ನದಿ ದಾಟಿದರೆ ಫಿಲಡೆಲ್ಫಿಯಾ. ಸೆಪ್ಟೆಂಬರ್‌ನಲ್ಲಿ ಮಗಳು ರಜೆ ಹಾಕಿದಳು, ಕಾರು ಅವಳದೇ, ದಾರಿ ಮಾತ್ರ ನಾನು ಹೇಳಿದ್ದು. ನೇರವಾಗಿ ನಗರಕ್ಕೆ ಹೋಗುವುದು ಬೇಡ, ಮೊದಲು ಗಣಿ ಸೀಮೆಗೆ ಹೋಗೋಣ ಎಂದೆ. ಅಮೆರಿಕದಲ್ಲಿ ಕೇಬಲ್ ಹುಟ್ಟಿದ ಜಾಗಗಳಲ್ಲಿ ಮುಖ್ಯವಾದವು ಅಲ್ಲಿವೆ.

ಗುರುವಾರ: ಲ್ಯಾನ್ಸ್‌ಫರ್ಡ್, ಮಹನಾಯ್ ಸಿಟಿ

ಪೆನ್ಸಿಲ್ವೇನಿಯಾದ ಟೋಲ್ ಹೆದ್ದಾರಿಯಲ್ಲಿ ಈಗ ನಗದು ತೆಗೆದುಕೊಳ್ಳುವ ಗೂಡುಗಳಿಲ್ಲ. ಗಾಜಿಗೆ ಅಂಟಿಸುವ ಟ್ಯಾಗ್ ಇಲ್ಲದಿದ್ದರೆ ನಂಬರ್ ಪ್ಲೇಟಿನ ಚಿತ್ರ ತೆಗೆದು ಮನೆಗೆ ಬಿಲ್ಲು ಕಳಿಸುತ್ತಾರೆ, ಆ ಬಿಲ್ಲು ಗಣನೀಯವಾಗಿ ದುಬಾರಿ. ಬಾಡಿಗೆ ಕಾರಿನವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಲೀಹೈಟನ್ ಬಳಿ ಹೆದ್ದಾರಿ ಬಿಟ್ಟು 209ನೆಯ ರಸ್ತೆ ಹಿಡಿದ ಮೇಲೆ ಸೀಮೆಯೇ ಬದಲಾಯಿತು. ಎರಡೂ ಕಡೆ ಉದ್ದುದ್ದ ಬೆಟ್ಟಗಳು, ನಡುವೆ ಇಕ್ಕಟ್ಟಾದ ಕಣಿವೆ, ಕಣಿವೆಯ ತಳದಲ್ಲಿ ರಸ್ತೆಗೆ ಅಂಟಿಕೊಂಡ ಮನೆಗಳ ಸಾಲು, ಅಲ್ಲಲ್ಲಿ ಕಪ್ಪು ಗುಡ್ಡಗಳು. ಆ ಕಪ್ಪು ಗುಡ್ಡಗಳು ಕಲ್ಲಿದ್ದಲು ಬೇರ್ಪಡಿಸಿ ಎಸೆದ ಗಣಿತ್ಯಾಜ್ಯ. ಅವುಗಳ ಮೇಲೆ ಭೂರ್ಜ ಮರಗಳು ಎದ್ದುಕೊಂಡಿವೆ.

ಟಿವಿ ಸಿಗ್ನಲ್‌ಗೆ ಇಂಥ ಊರುಗಳಷ್ಟು ಕಷ್ಟದ ಜಾಗ ಬೇರೆ ಇಲ್ಲ. ಟಿವಿಯ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತವೆ. ಮೇಲಾಗಿ 1948ರ ಸೆಪ್ಟೆಂಬರಿನಿಂದ 1952ರ ಏಪ್ರಿಲ್‌ವರೆಗೆ ಅಮೆರಿಕದ ಸಂವಹನ ಆಯೋಗ ಹೊಸ ಟಿವಿ ಕೇಂದ್ರಗಳಿಗೆ ಪರವಾನಗಿ ಕೊಡುವುದನ್ನೇ ತಡೆಹಿಡಿದಿತ್ತು. ಹತ್ತಿರ ಹೊಸ ಕೇಂದ್ರ ಬರುವ ಆಸೆಯಿಲ್ಲ, ದೂರದ ಕೇಂದ್ರ ಬೆಟ್ಟದ ಆಚೆ. ಲ್ಯಾನ್ಸ್‌ಫರ್ಡ್‌ನಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ರಾಬರ್ಟ್ ಟಾರ್ಲ್‌ಟನ್ ಜೊತೆಗಾರರನ್ನು ಸೇರಿಸಿಕೊಂಡು 1950ರಲ್ಲಿ ಪ್ಯಾಂಥರ್ ವ್ಯಾಲಿ ಟೆಲಿವಿಷನ್ ಕಂಪನಿ ಕಟ್ಟಿ, ಬೆಟ್ಟದ ಮೇಲೆ ಆಂಟೆನಾ ನಿಲ್ಲಿಸಿ, ಊರಿಗೆ ಕೋಆಕ್ಸಿಯಲ್ ತಂತಿ ಇಳಿಸಿ, ತಿಂಗಳ ಶುಲ್ಕಕ್ಕೆ ಚಿತ್ರ ಕೊಟ್ಟರು. ಅವರಿಗೆ ಆ್ಯಂಪ್ಲಿಫೈಯರ್ ಒದಗಿಸಿದ ಜೆರಾಲ್ಡ್ ಕಂಪನಿಯ ಮಿಲ್ಟನ್ ಶಾಪ್ ಮುಂದೆ ಪೆನ್ಸಿಲ್ವೇನಿಯಾದ ರಾಜ್ಯಪಾಲರಾದರು. ಅಮೆರಿಕದಲ್ಲಿ ರಾಜ್ಯಪಾಲರೆಂದರೆ ಜನರಿಂದ ಚುನಾಯಿತರಾಗಿ ಆಳುವವರು, ನಮ್ಮ ಮುಖ್ಯಮಂತ್ರಿಗಳಿಗೆ ಸಮಾನ. ಆ್ಯಂಪ್ಲಿಫೈಯರ್ ಮಾರಿದವರು ಮುಖ್ಯಮಂತ್ರಿಯಾಗುವುದನ್ನು ನಮ್ಮ ಸಂಘದ ಸಭೆಗಳಲ್ಲಿ ಯಾರಾದರೂ ಹೇಳಿದ್ದರೆ ನಾವು ಚಹಾ ಲೋಟ ಕೆಳಗಿಟ್ಟು ನಗುತ್ತಿದ್ದೆವು.

ಟಮಾಕ್ವಾ ದಾಟಿ ಮಹನಾಯ್ ಸಿಟಿ ತಲುಪುವ ಹೊತ್ತಿಗೆ ಮೋಡ ಬೆಟ್ಟದ ಸೊಂಟದವರೆಗೆ ಇಳಿದಿತ್ತು. 1910ರಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನರಿದ್ದ ಈ ಊರಿನಲ್ಲಿ ಈಗ ನಾಲ್ಕು ಸಾವಿರದ ಆಸುಪಾಸು ಇದ್ದಾರೆ. ಮುಖ್ಯ ಬೀದಿಯ ಅಂಗಡಿಗಳಲ್ಲಿ ಮುಚ್ಚಿದವೇ ಹೆಚ್ಚು ಕಂಡವು. ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್ ಆಗಿದ್ದ ಜಾನ್ ವಾಲ್ಸನ್ ಇಲ್ಲಿ ಪತ್ನಿಯೊಂದಿಗೆ ಸರ್ವಿಸ್ ಎಲೆಕ್ಟ್ರಿಕ್ ಎಂಬ ಗೃಹೋಪಕರಣಗಳ ಅಂಗಡಿ ನಡೆಸುತ್ತಿದ್ದರು. ಟಿವಿ ತಂದಿಟ್ಟರೆ ಕೊಳ್ಳುವವರಿಲ್ಲ, ಏಕೆಂದರೆ ಸುಮಾರು ಎಂಬತ್ತು ಮೈಲಿ ದೂರದ ಫಿಲಡೆಲ್ಫಿಯಾದ ಕೇಂದ್ರಗಳು ಈ ಕಣಿವೆಗೆ ಕಾಣುತ್ತಿರಲಿಲ್ಲ. ನ್ಯೂ ಬಾಸ್ಟನ್ ಬೆಟ್ಟದ ಮೇಲೆ ಕಂಬ ನೆಟ್ಟು ಆಂಟೆನಾ ಕಟ್ಟಿ, ಗಿರಾಕಿಗಳನ್ನು ಅಲ್ಲಿಗೇ ಕರೆದೊಯ್ದು ಚಿತ್ರ ತೋರಿಸುವುದು ಅವರ ಮೊದಲ ಉಪಾಯ. ರಾತ್ರಿ ಹೊತ್ತು ಬೆಟ್ಟ ಹತ್ತಿಳಿದು ಬೇಸತ್ತ ಮೇಲೆ ಆಂಟೆನಾದಿಂದ ಅಂಗಡಿಗೇ ತಂತಿ ಎಳೆದರು, ದಾರಿಯಲ್ಲಿದ್ದ ಮನೆಗಳಿಗೂ ಕೊಟ್ಟರು. ಇದು 1948ರ ಜೂನ್ ಎಂದು ಅವರ ಹೇಳಿಕೆ. ಅಂಗಡಿಯ ಕಡತಗಳು 1952ರಲ್ಲಿ ಬೆಂಕಿಗೆ ಹೋದವಾದ್ದರಿಂದ, 1948ರಲ್ಲಿಯೇ ಆರಿಗನ್ ರಾಜ್ಯದ ಆಸ್ಟೋರಿಯಾದಲ್ಲಿ ತಂತಿ ಎಳೆದ ಎಡ್ ಪಾರ್ಸನ್ಸ್ ಮೊದಲಿಗರೋ ವಾಲ್ಸನ್ ಮೊದಲಿಗರೋ ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಆ ವಾದದಲ್ಲಿ ಆಸಕ್ತಿ ಕಡಿಮೆ. ಇಂಥ ಕೆಲಸ ಕಷ್ಟವಿರುವ ಊರುಗಳಲ್ಲೆಲ್ಲ ಒಟ್ಟಿಗೇ ಹುಟ್ಟುತ್ತದೆ, ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿದ ಮೊದಲಿಗರು ಯಾರೆಂದು ಮಲೆನಾಡಿನಲ್ಲಿ ಕೇಳಿದರೆ ಊರಿಗೊಬ್ಬರು ಸಿಗುತ್ತಾರೆ.

ನ್ಯೂ ಬಾಸ್ಟನ್ ಬೆಟ್ಟವನ್ನು ಹತ್ತಬೇಕೆಂದು ಹೊರಟೆವು. ಟಾರು ಮುಗಿದು ಜಲ್ಲಿ ರಸ್ತೆ ಶುರುವಾಯಿತು, ಮಂಜು ದಟ್ಟವಾಗಿ ಬಾನೆಟ್‌ನ ಆಚೆ ಏನೂ ಕಾಣದಾಯಿತು, ಕೊನೆಗೆ ಸರಪಳಿ ಹಾಕಿದ ಗೇಟೊಂದು ಎದುರಾಯಿತು. ಕಾರು ತಿರುಗಿಸಲು ಹೋದಾಗ ಹಿಂದಿನ ಚಕ್ರ ಚರಂಡಿಯ ಕಪ್ಪು ಕೆಸರಿಗೆ ಇಳಿದು ಗಿರಗಿರ ತಿರುಗಿತು. ಅರ್ಧ ಗಂಟೆಯ ಮೇಲೆ ಕೆಳಗಿನಿಂದ ಬಂದ ಪಿಕಪ್ ಗಾಡಿಯ ವೃದ್ಧರೊಬ್ಬರು ಮಾತೇ ಆಡದೆ ಹಗ್ಗ ಬಿಗಿದು ನಮ್ಮನ್ನು ಎಳೆದು ಹಾಕಿದರು. ಮಾತು ಶುರುವಾದದ್ದು ಆಮೇಲೆ. ಇಷ್ಟು ದೂರದಿಂದ ಬಂದ ಭಾರತದ ಮುದುಕನಿಗೆ ಈ ಬೆಟ್ಟದಲ್ಲಿ ಏನು ಕೆಲಸ ಎಂಬುದು ಅವರ ಪ್ರಶ್ನೆ. ನಾನೂ ಕೇಬಲ್‌ನವನೆಂದಾಗ ಅವರ ಮುಖ ಸಡಿಲವಾಯಿತು. ಅವರ ತಂದೆ ಗಣಿ ಕಾರ್ಮಿಕರು. ಮನೆಗೆ ತಂತಿ ಬಂದ ದಿನ ಬೀದಿಯ ಮಕ್ಕಳೆಲ್ಲ ಅವರ ನಡುಮನೆಯಲ್ಲಿ ಸೇರಿದ್ದರಂತೆ, ಮಳೆ ಹನಿದರೆ ಚಿತ್ರ ಚದುರುತ್ತಿತ್ತಂತೆ. ಮೊದಮೊದಲು ಬಳಸಿದ್ದು ಚಪ್ಪಟೆಯ ಜೋಡಿ ತಂತಿ. ಅದು ಒದ್ದೆಯಾದರೆ ಸಿಗ್ನಲ್ ಸೋರಿಹೋಗುತ್ತದೆ. ಚದುರುತ್ತಿದ್ದುದು ಏಕೆಂದು ನಾನು ವಿವರಿಸಿದಾಗ ಅವರು ಆಸಕ್ತಿಯಿಂದ ಕೇಳಿ, ಇದನ್ನು ಹೇಳಲು ಎಪ್ಪತ್ತು ವರ್ಷ ತಡವಾಗಿ ಬಂದಿರಿ ಎಂದರು. ಬೆಟ್ಟದ ತಲೆ ನೋಡುವುದು ಆಗಲಿಲ್ಲ. ಅದು ಗಣಿ ಕಂಪನಿಯ ಖಾಸಗಿ ಜಾಗವಂತೆ, ಹೋಗುವವರು ಊರಿನಲ್ಲಿ ಮೊದಲೇ ಕೇಳಿಕೊಂಡು ಹೋಗಬೇಕು.

ಊಟಕ್ಕೆ ಅವರೇ ಹೇಳಿದ ಹೋಟೆಲಿನಲ್ಲಿ ಪಿರೋಗಿ ತಿಂದೆವು. ಪೋಲೆಂಡ್, ಉಕ್ರೇನ್ ಮತ್ತು ಲಿಥುವೇನಿಯಾದ ಗಣಿ ಕಾರ್ಮಿಕರ ಮನೆಗಳಿಂದ ಈ ಸೀಮೆಯ ಊಟವಾಗಿ ಉಳಿದ ತಿನಿಸು: ಆಲೂಗಡ್ಡೆ ಮತ್ತು ಚೀಸ್ ತುಂಬಿದ ಮೈದಾ ಕಡುಬನ್ನು ಬೇಯಿಸಿ, ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ ಸುರಿದು ಕೊಡುತ್ತಾರೆ. ಮೇಲೆ ಮಾಂಸದ ಚೂರು ಉದುರಿಸುವವರೂ ಇದ್ದಾರೆ, ಸಸ್ಯಾಹಾರಿಗಳು ಬೇಡವೆಂದು ಮೊದಲೇ ಹೇಳಬೇಕು. ಖಾರದ ಸುಳಿವೇ ಇರಲಿಲ್ಲ. ಮಗಳ ಕೈಚೀಲದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ಸಣ್ಣ ಬಾಟಲಿ ಇದ್ದದ್ದರಿಂದ ಊಟ ಗೆದ್ದಿತು. ಆ ರಾತ್ರಿ ಪಾಟ್ಸ್‌ವಿಲ್‌ನಲ್ಲಿ ತಂಗಿದೆವು.

ಶುಕ್ರವಾರ: ಲೆಬನಾನ್

ಬೆಳಿಗ್ಗೆಯೇ ಮಳೆ. ಲೆಬನಾನ್‌ಗೆ ಹೋಗುವ ನೇರ ದಾರಿಯಲ್ಲಿ ಹಳ್ಳ ಉಕ್ಕಿ ರಸ್ತೆ ಮುಚ್ಚಿದ್ದರು. ಪೊಲೀಸರು ತೋರಿಸಿದ ಸುತ್ತು ದಾರಿಯಲ್ಲಿ ಜೋಳದ ಹೊಲ, ಹಸುವಿನ ಕೊಟ್ಟಿಗೆ, ಗೊಬ್ಬರದ ವಾಸನೆಯ ನಡುವೆ ಗಂಟೆಗಟ್ಟಲೆ ಸುತ್ತಿದೆವು. ಸುತ್ತಿದ್ದಕ್ಕೆ ಬೇಸರವಾಗಲಿಲ್ಲ. ಬಿಡಿಬಿಡಿಯಾದ ಹೊಲಮನೆಗಳು, ಒಂದರಿಂದ ಇನ್ನೊಂದಕ್ಕೆ ಅರ್ಧ ಮೈಲಿ. ಪ್ರತಿಯೊಂದನ್ನೂ ನೋಡುವಾಗ ಎಷ್ಟು ಮೀಟರ್ ತಂತಿ, ಎಷ್ಟು ಕಂಬ, ಎಲ್ಲಿ ಆ್ಯಂಪ್ಲಿಫೈಯರ್ ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕುತ್ತಿತ್ತು. ಕೇಬಲ್ ವ್ಯವಹಾರದ ಜೀವ ಇರುವುದು ಈ ಲೆಕ್ಕದಲ್ಲಿಯೇ: ಒಂದು ಕಿಲೋಮೀಟರ್ ತಂತಿಗೆ ಎಷ್ಟು ಮನೆ ಸಿಗುತ್ತವೆ. ಹೂಡಿಕೆಯೆಲ್ಲ ಮೊದಲೇ ನೆಲಕ್ಕೆ ಸುರಿಯಬೇಕು, ವಾಪಸು ಬರುವುದು ತಿಂಗಳಿಗಿಷ್ಟು ಎಂದು ಚೂರುಚೂರಾಗಿ. ಕಪ್ಪು ಕುದುರೆಗಾಡಿಯೊಂದು ಎದುರಿನಿಂದ ಬಂದು ನಮ್ಮನ್ನು ದಾಟಿತು. ಈ ಸೀಮೆಯಲ್ಲಿ ಆಧುನಿಕ ಸಲಕರಣೆಗಳಿಂದ ದೂರವಿರುವ ಕ್ರೈಸ್ತ ಪಂಗಡಗಳಾದ ಆಮಿಷ್ ಮತ್ತು ಹಳೆಯ ಕಟ್ಟಳೆಯ ಮೆನೊನೈಟ್ ಕುಟುಂಬಗಳಿವೆ, ಅವರ ಮನೆಗಳಿಗೆ ಟಿವಿ ಸೇರುವುದೇ ಇಲ್ಲ. ಅಷ್ಟು ಮನೆಗಳನ್ನು ಲೆಕ್ಕದಿಂದ ಮೊದಲೇ ಕಳೆಯಬೇಕು.

ಲೆನ್‌ಫೆಸ್ಟ್ ಆರಂಭಿಸಿದ್ದು ಇಂಥ ಲೆಕ್ಕದ ನೆಲದಿಂದ. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, 1958ರಲ್ಲಿ ಕೊಲಂಬಿಯಾದಲ್ಲಿ ಕಾನೂನು ಮುಗಿಸಿ, ನ್ಯೂಯಾರ್ಕಿನ ದೊಡ್ಡ ವಕೀಲರ ಸಂಸ್ಥೆಯಲ್ಲಿದ್ದ ಅವರನ್ನು 1965ರಲ್ಲಿ ವಾಲ್ಟರ್ ಆ್ಯನೆನ್‌ಬರ್ಗ್ ಅವರ ಟ್ರಯಾಂಗಲ್ ಪಬ್ಲಿಕೇಷನ್ಸ್ ಕರೆದುಕೊಂಡಿತು. ಟಿವಿ ಗೈಡ್ ಪತ್ರಿಕೆ ಹೊರಡಿಸುತ್ತಿದ್ದ, ಫಿಲಡೆಲ್ಫಿಯಾ ಇಂಕ್ವೈರರ್ ದಿನಪತ್ರಿಕೆಯ ಒಡೆತನವಿದ್ದ ದೊಡ್ಡ ಮನೆತನ ಅದು. ಅದರ ಮೂಲೆಯಲ್ಲಿ ಸಬರ್ಬನ್ ಕೇಬಲ್ ಮತ್ತು ಲೆಬನಾನ್ ವ್ಯಾಲಿ ಕೇಬಲ್ ಎಂಬ ಎರಡು ಸಣ್ಣ ಕಂಪನಿಗಳಿದ್ದವು. ಮಾಲೀಕರು ಅವನ್ನು ಮಾರಲು ಹೊರಟಾಗ ನೌಕರರಾಗಿದ್ದ ಲೆನ್‌ಫೆಸ್ಟ್ ಇಬ್ಬರು ಹೂಡಿಕೆದಾರರನ್ನು ಹುಡುಕಿಕೊಂಡು, 1974ರಲ್ಲಿ ತಾವೇ ಕೊಂಡರು. ಮರುವರ್ಷ ಉಪಗ್ರಹದ ಮೂಲಕ ಎಚ್‌ಬಿಒ ಚಾನೆಲ್ ದೇಶದಾದ್ಯಂತ ಬರತೊಡಗಿದ್ದು ಕೇಬಲ್‌ಗೆ ಹೊಸ ಅರ್ಥ ಕೊಟ್ಟಿತು: ಬೆಟ್ಟದ ಹಿಂದಿನವರಿಗೆ ಮಾತ್ರ ಬೇಕಾಗಿದ್ದ ತಂತಿ ಈಗ ಬಯಲಿನವರಿಗೂ ಬೇಕಾಯಿತು. ಅಕ್ಕಪಕ್ಕದ ಸಣ್ಣ ಆಪರೇಟರುಗಳನ್ನು ಒಬ್ಬೊಬ್ಬರಾಗಿ ಕೊಳ್ಳುತ್ತ, ಒಂದಕ್ಕೊಂದು ಹೊಂದಿಕೊಂಡ ಜಾಲವನ್ನು ಹೆಣೆಯುತ್ತ ಅವರು ಬೆಳೆದರು. ಕೊಂಡವರ ಕಡೆಯಿಂದ ಇದು ಬೆಳವಣಿಗೆ. ಮಾರಿದವರ ಕಡೆಯಿಂದ ಹೇಗಿರುತ್ತದೆಂದು ನನಗೆ ಗೊತ್ತು, ಆದರೂ ಹೊಂದಿಕೊಂಡ ಜಾಲದ ನಿರ್ವಹಣೆ ಅಗ್ಗವೆಂಬುದನ್ನು ಕಸುಬು ಬಲ್ಲವರು ಅಲ್ಲಗಳೆಯಲಾರರು.

ಲೆಬನಾನ್ ಪಟ್ಟಣದಲ್ಲಿ ಅವರ ನೆನಪಿಗೆಂದು ನಾನು ಹುಡುಕಿ ನೋಡುವಂಥದ್ದೇನೂ ಸಿಗಲಿಲ್ಲ. ಬೇಕರಿಯೊಂದರಲ್ಲಿ ಕುಳಿತು ಶೂಫ್ಲೈ ಎಂಬ ಸಿಹಿ ತಿಂದೆವು. ಕಾಕಂಬಿಯ ಪಾಕದ ಮೇಲೆ ಹಿಟ್ಟು, ಬೆಣ್ಣೆಯ ಪುಡಿ ಉದುರಿಸಿ ಬೇಯಿಸಿದ್ದು. ತಳದ ಅಂಟು ಭಾಗ ನಾಲಿಗೆಗೆ ತಾಗಿದಾಗ ಕೊಡದ ಬಾಯಿಗೆ ಬೆರಳದ್ದಿ ಜೋನಿಬೆಲ್ಲ ನೆಕ್ಕಿದಂತಾಯಿತು. ಹೊರಪದರಕ್ಕೆ ಹಂದಿಯ ಕೊಬ್ಬು ಸೇರಿಸುವ ರೂಢಿಯೂ ಇರುವುದರಿಂದ ಮಗಳು ಕೇಳಿ ಖಚಿತ ಮಾಡಿಕೊಂಡಳು. ಬೇಕರಿಯ ಹೆಂಗಸು ಪಶ್ಚಿಮದ ಫ್ರ್ಯಾಂಕ್ಲಿನ್ ಕೌಂಟಿಯಿಂದ ಮದುವೆಯಾಗಿ ಬಂದವರು. ಲೆನ್‌ಫೆಸ್ಟ್ ಎಂದೊಡನೆ ಅವರಿಗೆ ಹೊಳೆದದ್ದು ಕೇಬಲ್ ಅಲ್ಲ, ವಿದ್ಯಾರ್ಥಿವೇತನ: ತಮ್ಮ ಶಾಲೆಯ ಹುಡುಗಿಯೊಬ್ಬಳು ಅದರಿಂದಲೇ ಕಾಲೇಜಿಗೆ ಹೋದಳಂತೆ. ಆ ಕೌಂಟಿಯ ಮರ್ಸರ್ಸ್‌ಬರ್ಗ್ ವಸತಿ ಶಾಲೆಯಲ್ಲಿ ಲೆನ್‌ಫೆಸ್ಟ್ 1949ರವರೆಗೆ ಓದಿದವರು. ಪೆನ್ಸಿಲ್ವೇನಿಯಾದ ಹಳ್ಳಿಗಾಡಿನ ಮಕ್ಕಳಿಗೆ ಕಾಲೇಜು ಓದಿನ ನೆರವು ಅವರು ಕೊಟ್ಟ ದಾನಗಳಲ್ಲಿ ಒಂದು.

ಶನಿವಾರ: ಫಿಲಡೆಲ್ಫಿಯಾ

ನಗರದೊಳಗೆ ಕಾರು ಹೊರೆ. ಚೆರಿ ಹಿಲ್ ಕಡೆಯಿಂದ ಬರುವವರು ಹ್ಯಾಡನ್‌ಫೀಲ್ಡ್‌ನಲ್ಲಿ ಕಾರು ಬಿಟ್ಟು ಪ್ಯಾಟ್ಕೊ ರೈಲು ಹತ್ತಿದರೆ ಸಾಕು. ಬಿಸಿಲು ಹೊರಬಿದ್ದಿತ್ತು, ಹಿಂದಿನ ದಿನದ ಮಳೆಗೆ ಇಟ್ಟಿಗೆಯ ಕಾಲುದಾರಿಗಳು ಇನ್ನೂ ಒದ್ದೆ.

ಮೊದಲು ಮೂರನೆಯ ಬೀದಿ ಮತ್ತು ಚೆಸ್ಟ್‌ನಟ್ ಬೀದಿ ಕೂಡುವಲ್ಲಿರುವ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಟಿಕೆಟ್ ಎರಡು ದಿನಗಳಿಗೆ ಸಲ್ಲುತ್ತದೆ, ಆದ್ದರಿಂದ ಎಲ್ಲವನ್ನೂ ಒಂದೇ ಉಸಿರಿಗೆ ನೋಡುವ ಅವಸರ ಬೇಡ. ಮೊದಲು ಇದನ್ನು ನಗರದ ಹೊರಗೆ, ಕ್ರಾಂತಿಯ ಸೇನೆ ಬೀಡುಬಿಟ್ಟಿದ್ದ ವ್ಯಾಲಿ ಫೋರ್ಜ್‌ನಲ್ಲಿ ಕಟ್ಟುವ ಯೋಜನೆಯಿತ್ತು. ತಕರಾರುಗಳ ನಂತರ 2010ರಲ್ಲಿ ಅಲ್ಲಿನ 78 ಎಕರೆ ಜಾಗವನ್ನು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಬಿಟ್ಟುಕೊಟ್ಟು ನಗರದ ಈ ನಿವೇಶನ ಪಡೆಯಲಾಯಿತು. ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಲೆನ್‌ಫೆಸ್ಟ್ 6 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟರು. ಇತರರು ಇಷ್ಟು ಕೂಡಿಸಿದರೆ ನಾನು ಇಷ್ಟು ಸೇರಿಸುತ್ತೇನೆ ಎಂಬ ಷರತ್ತಿನಲ್ಲಿ ಕೊಡುವುದು ಅವರ ಪದ್ಧತಿ. ಇದು ನನಗೆ ತುಂಬ ಹಿಡಿಸಿದ ಸಂಗತಿ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಒಬ್ಬರೇ ಸಾಹುಕಾರರು ಪೂರ್ತಿ ಹಣ ಕೊಟ್ಟರೆ ಉಳಿದವರು ಕೈಕಟ್ಟಿ ನಿಲ್ಲುತ್ತಾರೆಂಬುದು ಸಮಿತಿಗಳಲ್ಲಿ ದುಡಿದ ಯಾರಿಗೂ ಗೊತ್ತು.

2017ರ ಏಪ್ರಿಲ್ 19ರಂದು ತೆರೆದ ಈ ಸಂಗ್ರಹಾಲಯದಲ್ಲಿ ಎಲ್ಲರೂ ಕಾಯುವುದು ಜಾರ್ಜ್ ವಾಷಿಂಗ್ಟನ್ ಯುದ್ಧಕಾಲದಲ್ಲಿ ಬಳಸಿದ ಗುಡಾರಕ್ಕಾಗಿ. ಸಣ್ಣ ರಂಗಮಂದಿರದಲ್ಲಿ ಕುಳ್ಳಿರಿಸಿ, ಅದರ ಕಥೆಯನ್ನು ಪರದೆಯ ಮೇಲೆ ಹೇಳಿ, ಕೊನೆಗೆ ಪರದೆ ಸರಿಸಿ ಗಾಜಿನ ಹಿಂದೆ ಮಂದ ಬೆಳಕಿನಲ್ಲಿ ತೋರಿಸುತ್ತಾರೆ, ಚಿತ್ರ ತೆಗೆಯುವಂತಿಲ್ಲ. 1909ರಲ್ಲಿ ಪಾದ್ರಿಯೊಬ್ಬರು 5,000 ಡಾಲರಿಗೆ ಇದನ್ನು ಕೊಂಡಿದ್ದರು. ನನ್ನ ಪಕ್ಕದಲ್ಲಿದ್ದ ಶಾಲೆಯ ಹುಡುಗನೊಬ್ಬ ಇಷ್ಟು ಹಳೆಯ ಬಟ್ಟೆಗೆ ಇಷ್ಟು ದೊಡ್ಡ ಮನೆಯೇ ಎಂದು ಗಟ್ಟಿಯಾಗಿಯೇ ಕೇಳಿ ಶಿಕ್ಷಕಿಯಿಂದ ಬೈಸಿಕೊಂಡ. ಕ್ರಾಂತಿಯ ಕಥೆಯನ್ನು ಬಿಳಿಯ ಸೇನಾನಿಗಳಿಗಷ್ಟೇ ಸೀಮಿತಗೊಳಿಸದೆ, ಗುಲಾಮರಾಗಿದ್ದವರು ಮತ್ತು ಒನೈಡಾ ಬುಡಕಟ್ಟಿನವರ ಪಾಲನ್ನೂ ವಿಸ್ತಾರವಾಗಿ ತೋರಿಸಿರುವುದು ಇಲ್ಲಿನ ಹಿರಿಮೆ ಎಂದು ನನಗೆ ಅನಿಸಿತು. ನಾವು ಹೆಚ್ಚು ಹೊತ್ತು ನಿಂತದ್ದು ಆ ಕೋಣೆಗಳಲ್ಲಿ.

ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಆರನೆಯ ಬೀದಿಯಲ್ಲಿ ಇಂಕ್ವೈರರ್ ಪತ್ರಿಕೆಯ ಈಗಿನ ಕಚೇರಿಯಿರುವ ಕಟ್ಟಡ. ಒಳಗೆ ಹೋಗುವ ಕಾರಣ ನಮಗಿರಲಿಲ್ಲ, ಆದರೆ ಈ ಪತ್ರಿಕೆಯ ಕಥೆ ಹೇಳದೆ ಲೆನ್‌ಫೆಸ್ಟ್ ಕಥೆ ಪೂರ್ಣವಾಗದು. 1829ರಲ್ಲಿ ಹುಟ್ಟಿದ ಇಂಕ್ವೈರರ್ ಅನ್ನು ಆ್ಯನೆನ್‌ಬರ್ಗ್ 1969ರಲ್ಲಿ ಮಾರಿದ್ದರು. ಆಮೇಲೆ ಕೈಯಿಂದ ಕೈಗೆ ದಾಟುತ್ತ, ದಿವಾಳಿ ಹಂತವನ್ನೂ ಕಂಡು, ಮಾಲೀಕರ ಜಗಳದಿಂದ ಅದು 2014ರ ಮೇ ತಿಂಗಳಲ್ಲಿ ಹರಾಜಿಗೆ ಬಂದಿತು. ಲೆನ್‌ಫೆಸ್ಟ್ ಮತ್ತು ಉದ್ಯಮಿ ಲೂಯಿಸ್ ಕಾಟ್ಜ್ ಸೇರಿ 8.8 ಕೋಟಿ ಡಾಲರಿಗೆ ಗೆದ್ದರು. ನಾಲ್ಕೇ ದಿನಗಳಲ್ಲಿ ಕಾಟ್ಜ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಎಂಬತ್ತನಾಲ್ಕರ ಹೊಸ್ತಿಲಲ್ಲಿದ್ದ ಲೆನ್‌ಫೆಸ್ಟ್ ಒಬ್ಬರೇ ಮಾಲೀಕರಾಗಿ ಉಳಿದರು. ಒಂದು ಕಾಲಕ್ಕೆ ತಾವು ನೌಕರರಾಗಿದ್ದ ಮನೆತನದ ಪತ್ರಿಕೆ ಅವರ ಕೈಗೆ ಬಂದಿತ್ತು. ಅವರು ಅದನ್ನು ಇಟ್ಟುಕೊಳ್ಳಲಿಲ್ಲ. 2016ರ ಜನವರಿಯಲ್ಲಿ ಫಿಲಡೆಲ್ಫಿಯಾ ಫೌಂಡೇಷನ್ ಅಡಿಯಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ರಚಿಸಿ, ಪತ್ರಿಕೆಯನ್ನು ಅದಕ್ಕೆ ದಾನ ಮಾಡಿ, ಜೊತೆಗೆ 2 ಕೋಟಿ ಡಾಲರ್ ಮೂಲನಿಧಿಯನ್ನೂ ಇಟ್ಟರು. ಈಗ ಅದು ಲೆನ್‌ಫೆಸ್ಟ್ ಇನ್‌ಸ್ಟಿಟ್ಯೂಟ್. ಟ್ರಸ್ಟ್ ನಡೆಸುವ ಪತ್ರಿಕೆ ಕನ್ನಡಿಗರಿಗೆ ಹೊಸದಲ್ಲ, ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟ್ ಸಂಯುಕ್ತ ಕರ್ನಾಟಕವನ್ನು ನಡೆಸಿಕೊಂಡು ಬಂದಿದೆ. ಆದರೆ ದುಡ್ಡು ಕೊಟ್ಟು ಕೊಂಡ ಮಹಾನಗರದ ಪತ್ರಿಕೆಯನ್ನು ಎರಡು ವರ್ಷದೊಳಗೆ ಪೂರ್ತಿಯಾಗಿ ಬಿಟ್ಟುಕೊಡುವುದು ಅಪರೂಪ. ಅವರ ದಾನಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಕಟ್ಟಡಕ್ಕೆ ಹಣ ಕೊಟ್ಟವರು ತಮ್ಮ ಹೆಸರನ್ನು ಗೋಡೆಯ ಮೇಲೆ ಕಾಣುತ್ತಾರೆ. ಪತ್ರಿಕೆಗೆ ಕೊಟ್ಟವರು ನಾಳೆ ತಮ್ಮ ಗೆಳೆಯರ ಮೇಲೆಯೇ ಬರೆಯಬಹುದಾದ ವರದಿಗಾರರಿಗೆ ಸಂಬಳ ಕೊಟ್ಟಂತೆ.

ಮಧ್ಯಾಹ್ನ ರೆಡಿಂಗ್ ಟರ್ಮಿನಲ್ ಮಾರುಕಟ್ಟೆಯಲ್ಲಿ ಜನ ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದರು. ಲ್ಯಾಂಕಾಸ್ಟರ್ ಕಡೆಯ ಆಮಿಷ್ ಅಂಗಡಿಗಳು ಭಾನುವಾರ ತೆರೆಯುವುದಿಲ್ಲವಾದ್ದರಿಂದ ಶನಿವಾರದ ನೂಕುನುಗ್ಗಲನ್ನು ಸಹಿಸಲೇಬೇಕು. ಬಿಸಿ ಪ್ರೆಟ್ಜೆಲ್ ಹಿಡಿದು ಬ್ರಾಡ್ ಬೀದಿಗೆ ಹೊರಬಂದೆವು. ಅಲ್ಲಿ ಪೆನ್ಸಿಲ್ವೇನಿಯಾ ಲಲಿತಕಲಾ ಅಕಾಡೆಮಿಯ ಪಕ್ಕದಲ್ಲಿ ಲೆನ್‌ಫೆಸ್ಟ್ ಪ್ಲಾಜಾ ಇದೆ. ಕ್ಲೇಸ್ ಓಲ್ಡನ್‌ಬರ್ಗ್ ರಚಿಸಿದ 51 ಅಡಿಯ ಬಣ್ಣದ ಕುಂಚವೊಂದು ಬೀದಿಯ ಮೇಲೆ ವಾಲಿಕೊಂಡು ನಿಂತಿದೆ, ಅದರಿಂದ ಬಿದ್ದಂತೆ ಕಾಣುವ ಬಣ್ಣದ ಮುದ್ದೆ ನೆಲದ ಮೇಲೆ. ಕಿತ್ತಳೆ ಬಣ್ಣದ ಆ ಮುದ್ದೆಯ ಮೇಲೆ ಮಗುವೊಂದು ಹತ್ತಲು ನೋಡುತ್ತಿತ್ತು. ಅಕಾಡೆಮಿಯ ಪದವಿ ತರಗತಿಗಳನ್ನು ನಿಲ್ಲಿಸುವ ನಿರ್ಧಾರ 2024ರ ಆರಂಭದಲ್ಲಿಯೇ ಪ್ರಕಟವಾಗಿತ್ತು. ದಾನಿಯ ಹೆಸರಿನ ಅಂಗಳ ಉಳಿದು, ಅಂಗಳದ ಮನೆಯೇ ಕುಗ್ಗುವುದೂ ಉಂಟು. ಲೋಕಸ್ಟ್ ಬೀದಿಯ ಕರ್ಟಿಸ್ ಸಂಗೀತ ಶಾಲೆಯ ಸ್ಥಿತಿ ಹಾಗಿಲ್ಲ. 1924ರಲ್ಲಿ ಆರಂಭವಾದ ಈ ಶಾಲೆ 1928ರಿಂದ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ಪಡೆಯುವುದಿಲ್ಲ. 2011ರಲ್ಲಿ ತೆರೆದ ಲೆನ್‌ಫೆಸ್ಟ್ ಹಾಲ್‌ನಲ್ಲಿ ವಿದ್ಯಾರ್ಥಿಗಳ ವಸತಿ ಮತ್ತು ಅಭ್ಯಾಸದ ಕೋಣೆಗಳಿವೆ. ಚೆಲ್ಲೋ ಹೊತ್ತ ಹುಡುಗಿಯೊಬ್ಬಳು ಬಾಗಿಲು ತಳ್ಳಲು ಒದ್ದಾಡುತ್ತಿದ್ದಾಗ ಮಗಳು ಹಿಡಿದುಕೊಂಡಳು. ಶಾಲೆಯ ವಿದ್ಯಾರ್ಥಿಗಳ ಸಂಜೆಯ ಕಛೇರಿಗಳನ್ನು ಉಚಿತವಾಗಿ ಕೇಳಬಹುದೆಂದು ತಿಳಿದದ್ದು ಅವಳಿಂದಲೇ.

ಲೆನ್‌ಫೆಸ್ಟ್ ಕೊಟ್ಟದ್ದೆಲ್ಲವನ್ನೂ ಊರು ಹೂಹಾರದಿಂದ ಸ್ವೀಕರಿಸಿತು ಎಂದೇನಲ್ಲ. ಬಾರ್ನ್ಸ್ ಚಿತ್ರಸಂಗ್ರಹವನ್ನು ಅದರ ಸಂಸ್ಥಾಪಕರು ಟ್ರಸ್ಟ್ ಪತ್ರದಲ್ಲಿ ಬರೆದಿಟ್ಟ ಇಚ್ಛೆಗೆ ವಿರುದ್ಧವಾಗಿ ಹೊರವಲಯದ ಮೆರಿಯನ್‌ನಿಂದ ನಗರಕ್ಕೆ ತಂದಾಗ, ಆ ಸ್ಥಳಾಂತರಕ್ಕೆ ಹಣ ಕೂಡಿಸಿದ ಮೂರು ಪ್ರತಿಷ್ಠಾನಗಳಲ್ಲಿ ಅವರದೂ ಒಂದು; ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಟ ನಡೆಯಿತು, 2012ರಲ್ಲಿ ಹೊಸ ಕಟ್ಟಡ ತೆರೆದಾಗಲೂ ಸಿಟ್ಟು ಆರಿರಲಿಲ್ಲ. ದಾನಿಯೊಬ್ಬನ ಮಾತನ್ನು ಮುರಿಯಲು ಇನ್ನೊಬ್ಬ ದಾನಿಯ ಹಣ ಬಳಕೆಯಾದದ್ದು ಸರಿಯೇ ಎಂಬ ಪ್ರಶ್ನೆಯನ್ನು ಮಗಳು ಎತ್ತಿದಳು. ಚಿತ್ರಗಳನ್ನು ಹೆಚ್ಚು ಜನ ನೋಡುವಂತಾಯಿತಲ್ಲ ಎಂದೆ. “ಆ ಪತ್ರ ಬರೆದವರು ನೀವಾಗಿದ್ದರೆ ಹೀಗೆ ಹೇಳ್ತಿದ್ರಾ, ಅಪ್ಪಯ್ಯ?” ಎಂದಳು. ಆ ವಾದ ರೈಲಿನವರೆಗೂ ನಡೆಯಿತು.

ನಡುವೆ ಡೆಲವೇರ್ ನದಿಯ 82ನೆಯ ಕಟ್ಟೆಗೂ ಹೋಗಿದ್ದೆವು. 1952ರಲ್ಲಿ ಅಟ್ಲಾಂಟಿಕ್ ದಾಟುವ ವೇಗದಲ್ಲಿ ದಾಖಲೆ ಬರೆದ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಹಡಗು 1996ರಿಂದ ಇಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಗುಜರಿಗೆ ಹೋಗಲಿದ್ದ ಅದನ್ನು ಉಳಿಸಲು ಲೆನ್‌ಫೆಸ್ಟ್ 2010ರಲ್ಲಿ 58 ಲಕ್ಷ ಡಾಲರ್ ಕೊಡಲು ಒಪ್ಪಿದ್ದರು. ಉಳಿಸಿಕೊಂಡವರಿಗೆ ಅದನ್ನು ಸಾಕುವುದು ಆಗಲಿಲ್ಲ. 2025ರ ಫೆಬ್ರುವರಿಯಲ್ಲಿ ಅದನ್ನು ದಕ್ಷಿಣಕ್ಕೆ ಎಳೆದೊಯ್ದರು, ಫ್ಲೋರಿಡಾದ ಕಡಲಿನಲ್ಲಿ ಮುಳುಗಿಸಿ ಮೀನುಗಳಿಗೆ ಕೃತಕ ದಿಬ್ಬ ಮಾಡುವ ಉದ್ದೇಶದಿಂದ. ಎದುರಿನ ಪೀಠೋಪಕರಣದ ಅಂಗಡಿಯ ಕಾರು ನಿಲ್ದಾಣದಿಂದ ನೋಡಿದರೆ ನೀರು, ಕಟ್ಟೆ ಮತ್ತು ಆಚೆಯ ನ್ಯೂಜೆರ್ಸಿಯ ದಡ ಮಾತ್ರ. ಹದಿನೈದು ವರ್ಷದ ಆಯಸ್ಸಷ್ಟನ್ನೇ ಆ ಹಣ ಕೊಂಡಿತು. ನೌಕಾಪಡೆಯಲ್ಲಿದ್ದವರ ಮೋಹ ಎಂದು ಮಗಳು ಹೇಳಿದ್ದನ್ನು ನಾನು ಅಲ್ಲಗಳೆಯಲಿಲ್ಲ.

ಭಾನುವಾರ: ಚೆಸ್‌ಲೆನ್

ಕೊನೆಯ ನಿಲುಗಡೆ ನಗರದಿಂದ ಪಶ್ಚಿಮಕ್ಕೆ, ಚೆಸ್ಟರ್ ಕೌಂಟಿಯಲ್ಲಿ. ಚೆಸ್ಟರ್ ಮತ್ತು ಲೆನ್‌ಫೆಸ್ಟ್ ಹೆಸರುಗಳ ಮೊದಲರ್ಧ ಸೇರಿಸಿ ಚೆಸ್‌ಲೆನ್ ಎಂದು ಕರೆದ ಸುಮಾರು 1,300 ಎಕರೆಯ ಸಂರಕ್ಷಿತ ಪ್ರದೇಶವಿದು. ಇದರಲ್ಲಿ ಐನೂರಕ್ಕೂ ಹೆಚ್ಚು ಎಕರೆ ಲೆನ್‌ಫೆಸ್ಟ್ ದಂಪತಿ 2007ರಲ್ಲಿ ನ್ಯಾಚುರಲ್ ಲ್ಯಾಂಡ್ಸ್ ಎಂಬ ಸಂಸ್ಥೆಗೆ ಕೊಟ್ಟ ಸ್ವಂತ ಭೂಮಿ. ಪ್ರವೇಶ ಉಚಿತ, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಬರುವ ದಾರಿಯಲ್ಲಿ ನಕ್ಷತ್ರ ವೀಕ್ಷಕರ ಕಲ್ಲು ಎಂಬ ಮೊಣಕಾಲೆತ್ತರದ ಬಿಳಿಗಲ್ಲಿದೆ. ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್ ನಡುವಿನ ಗಡಿ ಗುರುತಿಸಲು ಬಂದ ಮೇಸನ್ ಮತ್ತು ಡಿಕ್ಸನ್ 1764ರಲ್ಲಿ ಇಲ್ಲಿ ಕುಳಿತು ಅಕ್ಷಾಂಶ ಅಳೆದರು. ನಿಲ್ಲಿಸಿ ನೋಡಿದೆವು.

ಹುಲ್ಲು ಎದೆಯೆತ್ತರ ಬೆಳೆದಿತ್ತು. ಕೆಳಗೆ ಬ್ರ್ಯಾಂಡಿವೈನ್ ಹೊಳೆಯ ಪಶ್ಚಿಮ ಶಾಖೆ ಮಳೆಯ ಕೆಂಪು ನೀರಿನಿಂದ ಉಬ್ಬಿ ಹರಿಯುತ್ತಿತ್ತು. ಕಳೆ ಕೀಳುತ್ತಿದ್ದ ಸ್ವಯಂಸೇವಕರಲ್ಲಿ ನಿವೃತ್ತ ಜೀವಶಾಸ್ತ್ರ ಶಿಕ್ಷಕಿಯೊಬ್ಬರು ನಮ್ಮನ್ನು ಸರ್ಪೆಂಟೈನ್ ಬರಡಿನ ಕಡೆಗೆ ಕರೆದೊಯ್ದರು. ಹಸಿರು ಛಾಯೆಯ ಆ ಬಂಡೆಯ ಮೇಲಿನ ಮಣ್ಣಿನಲ್ಲಿ ಮೆಗ್ನೀಸಿಯಂ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ನಿಕ್ಕಲ್‌ನಂಥ ಲೋಹಗಳೂ ಸೇರಿವೆ. ಬೇರೆ ಗಿಡಗಳು ಬಾಳದ ಈ ನೆಲದಲ್ಲಿ ಸರ್ಪೆಂಟೈನ್ ಆ್ಯಸ್ಟರ್ ಎಂಬ ಅಪರೂಪದ ಪುಟ್ಟ ಬಿಳಿ ಹೂವು ಬಾಳುತ್ತದೆ. ಹೂ ಬಿಟ್ಟಿತ್ತು, ಬೆರಳ ತುದಿಯಷ್ಟು. ಕಾಡು ಬೆಳೆದು ನೆರಳು ಕವಿದರೆ ಇದು ಅಳಿಯುತ್ತದೆ, ಆದ್ದರಿಂದ ಮರಗಳನ್ನು ಕಡಿದು ನೆಲ ಬಯಲಾಗಿ ಇಡುವುದೇ ಇಲ್ಲಿನ ಸಂರಕ್ಷಣೆ ಎಂದರು. ಮರ ಕಡಿಯುವುದನ್ನು ಸಂರಕ್ಷಣೆಯೆನ್ನುವುದು ಮಲೆನಾಡಿನವನ ಕಿವಿಗೆ ವಿಚಿತ್ರವೇ, ಅವರ ವಿವರಣೆಯ ನಂತರ ಒಪ್ಪಿದೆ.

ಹಿಂತಿರುಗುವಾಗ ಅವರೇ ತೋರಿಸಿದ್ದು ಬಡವರ ಹಳೆಯ ಸ್ಮಶಾನ. ಕೌಂಟಿಯ ಬಡವರ ಆಶ್ರಮದಲ್ಲಿ ಸತ್ತವರನ್ನು ಇಲ್ಲಿ ಹೂಳುತ್ತಿದ್ದರಂತೆ. ಗಿಡ್ಡ ಕಲ್ಲುಗಳ ಮೇಲೆ ಹೆಸರಿಲ್ಲ, ಸಂಖ್ಯೆಗಳಿವೆ. ಹಿಂದಿನ ದಿನವಿಡೀ ಒಂದೇ ಹೆಸರನ್ನು ಕಲ್ಲು, ಗಾಜು, ಹಿತ್ತಾಳೆಗಳ ಮೇಲೆ ಓದಿಕೊಂಡು ಬಂದ ನಮಗೆ ಆ ಸಂಖ್ಯೆಗಳ ಮುಂದೆ ಮಾತು ನಿಧಾನವಾಯಿತು. ಈ ಸ್ಮಶಾನವನ್ನು ಯಾರೂ ಮನೆ ಕಟ್ಟಲು ಕೊಳ್ಳದಂತೆ ಉಳಿಸಿದ್ದೂ ಈ ಸಂರಕ್ಷಣೆಯ ಬೇಲಿಯೇ ಎಂದು ಶಿಕ್ಷಕಿ ಹೇಳಿದರು. ಲೆನ್‌ಫೆಸ್ಟ್ ಅವರನ್ನು ನೀವು ಕಂಡಿದ್ದಿರಾ ಎಂದು ಕೇಳಿದೆ. ಕಂಡಿರಲಿಲ್ಲ. ತಮ್ಮ ಮನೆಗೆ ಒಂದು ಕಾಲಕ್ಕೆ ಅವರದೇ ಕಂಪನಿಯ ಕೇಬಲ್ ಇತ್ತು, ಬಿಲ್ಲು ಜಾಸ್ತಿಯೆಂದು ಗಂಡ ಪ್ರತಿ ತಿಂಗಳೂ ಗೊಣಗುತ್ತಿದ್ದರು, ಆ ದುಡ್ಡಿನಲ್ಲಿ ಸ್ವಲ್ಪವಾದರೂ ಈ ಹುಲ್ಲಿಗೆ ಬಂದಿರಬೇಕು ಎಂದು ನಕ್ಕರು. ಗೊಣಗುವ ಗಂಡಂದಿರು ನಮ್ಮ ಊರಿನಲ್ಲಿಯೂ ಇದ್ದರೆಂದೆ.

ಬೀಳ್ಕೊಡುವಾಗ ಅವರು ಹೇಳಿದ್ದು ಒಂದೇ ಎಚ್ಚರಿಕೆ: ಮನೆಗೆ ಹೋದ ತಕ್ಷಣ ಬಟ್ಟೆ ಬಿಚ್ಚಿ ಉಣುಗು ಹುಡುಕಿ. ಪೆನ್ಸಿಲ್ವೇನಿಯಾ ಉಣುಗಿನಿಂದ ಹರಡುವ ಲೈಮ್ ಕಾಯಿಲೆ ಬಹಳವಾಗಿ ಕಾಣಿಸುವ ರಾಜ್ಯಗಳಲ್ಲಿ ಒಂದು. ಕ್ಯಾಸನೂರಿನ ಮಂಗನ ಕಾಯಿಲೆಯನ್ನು ಕೇಳುತ್ತಲೇ ಬೆಳೆದ ನನಗೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡೇ ನಡೆದಿದ್ದೆ. ಮಗಳು ಅದನ್ನು ನೋಡಿ ಇಡೀ ಬೆಳಿಗ್ಗೆ ನಕ್ಕಿದ್ದಳು. ಚೆರಿ ಹಿಲ್‌ಗೆ ಮರಳಿ ಹುಡುಕಿದಾಗ ಸಿಕ್ಕಿದ್ದು ಒಂದೇ ಒಂದು, ಅದೂ ಅವಳ ಪಾದದ ಗಂಟಿನ ಹತ್ತಿರ. ಅಳಿಯ ಚಿಮಟದಿಂದ ಅದನ್ನು ತಲೆ ಮುರಿಯದಂತೆ ಕಿತ್ತು, ಟೇಪಿಗೆ ಅಂಟಿಸಿ, ಮೇಲೆ ತಾರೀಕು ಬರೆದಿಟ್ಟ.